ಇಪ್ಪತ್ತು ವರ್ಷವಾದರೂ ಅತಿಥಿ

ಅತಿಥಿ ಅಂದರೆ ಬಂದು ಹೋಗುವವರು, ಅಲ್ವಾ? ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಮಾತ್ರ ‘ಅತಿಥಿ ಉಪನ್ಯಾಸಕರು’ ಅನ್ನುವ ಈ ಅತಿಥಿಗಳು, ಅಂದರೆ ಕಾಯಂ ಅಲ್ಲದ ಮೇಷ್ಟ್ರುಗಳು, 15–20 ವರ್ಷ ಪಾಠ ಮಾಡುತ್ತಾರೆ. ಅದೇ ಸ್ಟಾಫ್ ರೂಮು, ಅದೇ ಸಿಲಬಸ್ಸು. ಪಕ್ಕದ ಕುರ್ಚಿಯ ಕಾಯಂ ಉಪನ್ಯಾಸಕರಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶ್ರೇಣಿಯ ಸಂಬಳ, ಇವರಿಗೆ ಗೌರವಧನ. ಸೆಮಿಸ್ಟರ್ ಮುಗಿದು ರಜೆ ಬಂತೆಂದರೆ ಅದೂ ನಿಂತಂತೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1991ರಲ್ಲಿ ಡಾಲರ್ ಖಜಾನೆ ಬರಿದಾಗಿ ದೇಶ ಸಾಲಕ್ಕಾಗಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋಯಿತು. ಸಾಲದ ಹಿಂದೆಯೇ ಖರ್ಚಿಗೆ ಕತ್ತರಿ ಹಾಕಿ ಅನ್ನುವ ಷರತ್ತೂ ಬಂತು. ಯುಜಿಸಿ ನೇಮಿಸಿದ್ದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ವಿಶ್ವವಿದ್ಯಾಲಯಗಳು ವರ್ಷದ ಖರ್ಚಿನಲ್ಲಿ ಶೇ. 15ನ್ನು ತಾವೇ ದುಡಿಯಲಿ, ಹತ್ತು ವರ್ಷದಲ್ಲಿ ಅದು ಶೇ. 25 ಆಗಲಿ ಅಂದಿತು. ಮರುವರ್ಷ ವಿಶ್ವಬ್ಯಾಂಕ್ ಕೂಡ ಅದೇ ರಾಗ ಹಾಡಿತು. 1997ರಲ್ಲಂತೂ ಕೇಂದ್ರದ ಹಣಕಾಸು ಸಚಿವಾಲಯ ಒಂದು ಚರ್ಚಾಪತ್ರದಲ್ಲಿ ಉನ್ನತ ಶಿಕ್ಷಣವನ್ನು ಸಬ್ಸಿಡಿಗೆ ಅಷ್ಟಾಗಿ ಅರ್ಹವಲ್ಲದ ಪಟ್ಟಿಗೆ ಸೇರಿಸಿಬಿಟ್ಟಿತು. ಓದಿದವನಿಗೆ ಲಾಭ, ಅವನೇ ದುಡ್ಡು ಕೊಡಲಿ ಅನ್ನುವ ವಾದ. ಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರು, ಆಸ್ಪತ್ರೆಯ ಡಾಕ್ಟರು ಓದಿದ್ದರಿಂದ ಊರಿಗೆ ಏನೂ ಲಾಭವಿಲ್ಲ ಅನ್ನುವ ಹಾಗೆ! 2017ರಲ್ಲಿ ಹೆಫಾ, ಅಂದರೆ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಾಲ ಕೊಡುವ ಏಜೆನ್ಸಿ, ಬಂತು. ಕೇಂದ್ರ ಸರ್ಕಾರ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ ಸಂಸ್ಥೆ ಅದು. ಕಟ್ಟಡ, ಲ್ಯಾಬುಗಳಿಗೆ ಅನುದಾನ ಸಿಗುತ್ತಿದ್ದ ಕಡೆ ಈಗ ಸಾಲ.

ಕರ್ನಾಟಕಕ್ಕೆ ಬಂದರೆ, ತಾಲೂಕು ತಾಲೂಕಿನಲ್ಲೂ ಸರ್ಕಾರಿ ಪದವಿ ಕಾಲೇಜು ತೆರೆದವು. ಒಳ್ಳೆಯದೇ ಆಯಿತು. ತಮ್ಮ ಮನೆಗೇ ಮೊದಲಿಗರಾಗಿ ಡಿಗ್ರಿ ಓದಿದ ಎಷ್ಟೋ ಹುಡುಗಿಯರು ಕಲಿತದ್ದು ಅಲ್ಲೇ. ಆದರೆ ಕಾಲೇಜಿನ ಬೋರ್ಡು ಬಂದಷ್ಟು ಬೇಗ ಕಾಯಂ ಹುದ್ದೆ ಬರಲಿಲ್ಲ. ಆ ಜಾಗದಲ್ಲಿ ಅತಿಥಿಗಳು ಕೂತರು.

2021ರ ಡಿಸೆಂಬರಿನಲ್ಲಿ ಇವರು ಪಾಠ ಬಿಟ್ಟು ಬೀದಿಗಿಳಿದಾಗ ಗೌರವಧನ ತಿಂಗಳಿಗೆ 11 ಸಾವಿರ. ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಪಿಎಚ್‌ಡಿ ಇದ್ದರೆ 13 ಸಾವಿರ. ಮುಂದಿನ ಜನವರಿಯಲ್ಲಿ ಸರ್ಕಾರ ಅದನ್ನು 26ರಿಂದ 32 ಸಾವಿರಕ್ಕೆ ಏರಿಸಿತು. ಪೇಪರಿನಲ್ಲಿ ದೊಡ್ಡ ಸುದ್ದಿ. ಒಳಗಿನ ಲೆಕ್ಕ ಬೇರೆ. ವಾರಕ್ಕೆ 8–10 ಗಂಟೆ ಇದ್ದ ಪಾಠ 15 ಗಂಟೆ ಆಯಿತು. ಒಂದು ಕಾಲೇಜಿನಲ್ಲಿ ಕನ್ನಡಕ್ಕೆ 30 ಗಂಟೆ ವರ್ಕ್‌ಲೋಡ್ ಇದೆ ಅಂದುಕೊಳ್ಳಿ. ಮೊದಲು ಮೂವರು ಹಂಚಿಕೊಳ್ಳುತ್ತಿದ್ದರು. ಈಗ ಇಬ್ಬರು ಸಾಕು. ಮೂರನೆಯವರು? ಅತಿಥಿ ತಾನೇ, ಎದ್ದು ಹೋಗಬೇಕು.

2023ರ ಕೊನೆಗೆ ಮತ್ತೆ ಮುಷ್ಕರ. ಈ ಸಲ ಗೌರವಧನ ಇನ್ನಷ್ಟು ಏರಿತು, 60 ವರ್ಷ ತುಂಬಿದವರಿಗೆ 5 ಲಕ್ಷ ರೂಪಾಯಿ ಇಡುಗಂಟು ಅಂತಲೂ ಆಯಿತು. ಕಾಯಂ ಮಾಡಿ ಅನ್ನುವ ಬೇಡಿಕೆ ಮಾತ್ರ ಹಾಗೇ ಉಳಿಯಿತು. ಈ ಅತಿಥಿಗಳು 60ರವರೆಗೂ ಇಲ್ಲೇ ಇರುತ್ತಾರೆ ಅಂತ ಸರ್ಕಾರವೇ ಒಪ್ಪಿಕೊಂಡಂತಾಯಿತು, ಅಲ್ವಾ?