ಪಾಸ್‌ವರ್ಡ್‌ಗೆ ಬೀಗ ಹಾಕಿದರೆ ಖಾತೆ ಮುಚ್ಚಿದಂತಲ್ಲ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಬಳಿ ಇರುವ ಕಚೇರಿಯೊಂದರ ಲಿನಕ್ಸ್ ಸರ್ವರನ್ನು ನೋಡಿಕೊಳ್ಳುತ್ತಿದ್ದಾಗ, ಮೂರು ತಿಂಗಳ ರಜೆಗೆ ಹೊರಟ ಗುಮಾಸ್ತರೊಬ್ಬರ ಖಾತೆಯನ್ನು ಅವರು ಮರಳುವವರೆಗೆ ಮುಚ್ಚಿಡುವಂತೆ ಮಾಲೀಕರು ನನಗೆ ಹೇಳಿದ್ದರು. ನಾನು ಖಾತೆಯ ವಿವರ ಬದಲಿಸುವ ಯೂಸರ್‌ಮಾಡ್ ಕಮಾಂಡಿನಿಂದ ಪಾಸ್‌ವರ್ಡ್ ಲಾಕ್ ಮಾಡಿ ಕೆಲಸ ಮುಗಿಯಿತೆಂದುಕೊಂಡೆ. ವಾರ ಕಳೆದು ಲಾಗ್ ಪರಿಶೀಲಿಸಿದಾಗ, ಅವರು ಹರಿಹರದ ತಮ್ಮ ಮನೆಯಿಂದ ದೂರದಿಂದ ಸರ್ವರನ್ನು ಸುರಕ್ಷಿತವಾಗಿ ತಲುಪಿಸುವ ಎಸ್‌ಎಸ್‌ಎಚ್ ಮೂಲಕ ಎಂದಿನಂತೆ ಒಳಬಂದು ಬಾಕಿ ಲೆಕ್ಕವೊಂದನ್ನು ಮುಗಿಸಿದ್ದು ತಿಳಿಯಿತು. ಅವರಿಗೆ ಯಾರೂ ಬೇಡವೆಂದಿರಲಿಲ್ಲ; ತಪ್ಪು ನನ್ನದು.

ಲಾಕ್ ಮಾಡಿದಾಗ ನಡೆಯುವುದು ಇಷ್ಟೇ: ಖಾತೆಗಳ ಪಾಸ್‌ವರ್ಡ್ ವಿವರವಿರುವ ಶ್ಯಾಡೋ ಫೈಲಿನಲ್ಲಿ ಪಾಸ್‌ವರ್ಡ್ ಹ್ಯಾಶ್‌ನ (ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಗುಪ್ತ ಅಕ್ಷರಸಾಲಿನ) ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರುತ್ತದೆ, ಆದ್ದರಿಂದ ಯಾವ ಪಾಸ್‌ವರ್ಡೂ ಅದಕ್ಕೆ ಹೊಂದುವುದಿಲ್ಲ. ಆದರೆ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡಿನ ಬದಲು ಗುರುತು ತೋರಿಸುವ ಫೈಲು) ಇರುವವರನ್ನು ಪಾಸ್‌ವರ್ಡ್ ಕೇಳುವುದೇ ಇಲ್ಲ. ಪ್ರವೇಶದ ತಪಾಸಣೆ ನಡೆಸುವ ಪ್ಯಾಮ್ ವ್ಯವಸ್ಥೆಯನ್ನು ಬಳಸುವ ಇಂದಿನ ಬಹುತೇಕ ಲಿನಕ್ಸ್ ಸರ್ವರ್‌ಗಳಲ್ಲಿ ಅವರ ದಾರಿ ತೆರೆದೇ ಇರುತ್ತದೆ. ಖಾತೆಯ ಶೆಲ್ಲನ್ನು, ಅಂದರೆ ಒಳಬಂದವರ ಕಮಾಂಡುಗಳನ್ನು ನಡೆಸುವ ಪ್ರೋಗ್ರಾಮನ್ನು, ಒಳಬಂದವರನ್ನು ಕೂಡಲೇ ಹೊರಗೆ ಕಳುಹಿಸುವ ನೋಲಾಗಿನ್‌ಗೆ ಬದಲಿಸುವವರೂ ಇದ್ದಾರೆ, ಆದರೆ ಶೆಲ್ ಬೇಡದ ಪೋರ್ಟ್ ಫಾರ್ವರ್ಡಿಂಗ್ (ಸರ್ವರ್ ಮೂಲಕ ಬೇರೆ ಸಂಪರ್ಕಗಳನ್ನು ಹಾಯಿಸುವುದು) ಅದರಿಂದ ನಿಲ್ಲುವುದಿಲ್ಲ.

ಖಾತೆಯನ್ನೇ ನಿಲ್ಲಿಸಬೇಕಾದರೆ ಅದರ ಅವಧಿಯನ್ನು ಮುಗಿಸಬೇಕು. ಶ್ಯಾಡೋ ಸಾಲಿನ ಎಂಟನೆಯ ಅಂಕಣದಲ್ಲಿ ಅವಧಿ ಮುಗಿಯುವ ದಿನಾಂಕವು 1970ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇರುತ್ತದೆ. ಯೂಸರ್‌ಮಾಡ್‌ನ ಎಕ್ಸ್‌ಪೈರ್‌ಡೇಟ್ ಆಯ್ಕೆಗೆ 1 ಎಂದು ಕೊಟ್ಟರೆ ಅವಧಿ 1970ರ ಜನವರಿ 2ಕ್ಕೇ ಮುಗಿದಂತಾಗಿ, ಕೀ ಇದ್ದರೂ ಪ್ರವೇಶ ಸಿಗುವುದಿಲ್ಲ. ಸೊನ್ನೆಯನ್ನು ಬಳಸಬಾರದು, ಏಕೆಂದರೆ ಅದನ್ನು ಕೆಲವೆಡೆ ಅವಧಿಯೇ ಇಲ್ಲವೆಂದೂ ಓದಿಕೊಳ್ಳಲಾಗುತ್ತದೆ. ಪಾಸ್‌ವರ್ಡ್ ಲಾಕ್ ಕೂಡ ಜೊತೆಗಿರಲಿ.

ಈಗಾಗಲೇ ತೆರೆದಿರುವ ಸೆಷನ್‌ಗಳು ಇದರಿಂದ ಮುಗಿಯುವುದಿಲ್ಲ, ಅವುಗಳನ್ನು ಬೇರೆಯಾಗಿಯೇ ಕೊನೆಗೊಳಿಸಬೇಕು. ಆ ಖಾತೆಯ ಕ್ರಾನ್ ಕೆಲಸಗಳು (ನಿಗದಿತ ವೇಳೆಗೆ ತಾವಾಗಿ ನಡೆಯುವ ಕೆಲಸಗಳು) ಸಾಮಾನ್ಯವಾಗಿ ನಿಂತುಹೋಗುತ್ತವೆಯಾದ್ದರಿಂದ, ರಾತ್ರಿಯ ಬ್ಯಾಕಪ್ ಅವರ ಹೆಸರಿನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಬೇಡ, ಅಳಿಸಿಬಿಡಿ ಎಂದು ಮಾಲೀಕರು ಹೇಳುವುದುಂಟು. ಅಳಿಸಿದ ಖಾತೆಯ ಫೈಲುಗಳು ಅದರ ಗುರುತಿನ ಬರಿಯ ಸಂಖ್ಯೆಯ ಹೆಸರಿನಲ್ಲಿ ಉಳಿಯುತ್ತವೆ, ಅದೇ ಸಂಖ್ಯೆ ಮುಂದೆ ಹೊಸಬರಿಗೆ ದೊರೆತರೆ ಹಳಬರ ಲೆಕ್ಕವೆಲ್ಲ ಅವರದಾಗುತ್ತದೆ. ಗುಮಾಸ್ತರು ರಜೆ ಮುಗಿಸಿ ಬಂದ ದಿನ ನಾನು ಆಮೇಲೆ ಹಾಕಿದ್ದ ಅವಧಿಯ ದಿನಾಂಕವನ್ನು ತೆಗೆದು, ಲಾಕ್ ಬಿಚ್ಚಿದೆ. ಆಶ್ಚರ್ಯಸೂಚಕ ಚಿಹ್ನೆ ಹೋದ ಮೇಲೆ ಹಳೆಯ ಪಾಸ್‌ವರ್ಡೇ ಕೆಲಸ ಮಾಡಿತು, ಅವರ ಫೈಲುಗಳೆಲ್ಲ ಇದ್ದಲ್ಲೇ ಇದ್ದವು.