300 ಎಂಎಂ ಲೆನ್ಸ್ ಡಿಜಿಟಲ್ ಕ್ಯಾಮೆರಾದಲ್ಲಿ 480 ಆಗುತ್ತಾ?

ಪ್ರಶ್ನೆ: ಅಪ್ಪನ ಫಿಲ್ಮ್ ಕಾಲದ 300 ಎಂಎಂ ಲೆನ್ಸ್ ಮನೆಯಲ್ಲಿದೆ. ಹಳೆಯದೊಂದು ಡಿಜಿಟಲ್ ಎಸ್‌ಎಲ್‌ಆರ್ ಕಡಿಮೆ ಬೆಲೆಗೆ ಸಿಕ್ಕಿದೆ. ಅದಕ್ಕೆ ಹಾಕಿದರೆ ಈ ಲೆನ್ಸ್ 480 ಆಗುತ್ತದಂತೆ. ಏರೋ ಇಂಡಿಯಾದಲ್ಲಿ ಯುದ್ಧವಿಮಾನಗಳ ಫೋಟೊ ತೆಗೆಯಲು ಅಷ್ಟು ಸಾಕಾ?

ಸಾಕು. ಧಾರಾಳವಾಗಿ ಸಾಕು. ಆದರೆ 480 ಆಗುವುದಿಲ್ಲ.

ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಯಲಹಂಕದ ಶೋ ಹತ್ತಿರ ಬಂತು ಅಂದರೆ ಜನವರಿಯಿಂದಲೇ ಈ ಪ್ರಶ್ನೆ ಶುರು. ಅಂಗಡಿಯವರು ಹೇಳಿದರಂತೆ, ಭಾವಮೈದ ಹೇಳಿದನಂತೆ: "ಚಿಕ್ಕ ಸೆನ್ಸರ್, ಜೂಮ್ ಫ್ರೀ." ಸೆನ್ಸರ್ ಅಂದರೆ ಡಿಜಿಟಲ್‌ನಲ್ಲಿ ಫಿಲ್ಮಿನ ಜಾಗದಲ್ಲಿ ಕೂತು ಬಿಂಬ ಹಿಡಿಯುವ ಚಿಪ್. ಬನ್ನಿ, ಈ ಫ್ರೀ ಜೂಮ್‌ನ ಲೆಕ್ಕ ಒಂದು ಸಲ ಮುಗಿಸಿಬಿಡೋಣ.

480 ಅಂದಿರಿ, ಅಂದರೆ 300ನ್ನು 1.6ರಿಂದ, ಅಂದರೆ ಸೆನ್ಸರಿಗಿಂತ ಫಿಲ್ಮ್ ಎಷ್ಟು ಪಟ್ಟು ಅಗಲವೋ ಅದರಿಂದ, ಗುಣಿಸಿದ್ದೀರಿ. ನಿಮ್ಮದು ಕ್ಯಾನನ್ ಇರಬೇಕು. ನಿಕಾನ್‌ನವರು ಆಗಿದ್ದರೆ 450 ಅನ್ನುತ್ತಿದ್ದಿರಿ. ಮೊದಲು ಆ ಲೆನ್ಸ್ ಕ್ಯಾಮೆರಾದ ಮೇಲೆ ಕೂರುತ್ತದಾ ನೋಡಿ. ಕ್ಯಾನನ್ 1987ರಲ್ಲಿ ಮೌಂಟ್, ಅಂದರೆ ಲೆನ್ಸ್ ಸಿಕ್ಕಿಸುವ ಜಾಗ, ಬದಲಿಸಿತು. ಅದಕ್ಕೂ ಹಿಂದಿನ ಎಫ್‌ಡಿ ಲೆನ್ಸ್ ಆದರೆ ನೇರವಾಗಿ ಕೂರುವುದಿಲ್ಲ. ಕೂತಿತು ಅಂತಲೇ ಇಟ್ಟುಕೊಂಡು ಮುಂದೆ ಹೋಗೋಣ.

ತೇಜಸ್ ಮೂಗಿನಿಂದ ಬಾಲದವರೆಗೆ 13.2 ಮೀಟರ್. ಅದು ನಿಮ್ಮಿಂದ 600 ಮೀಟರ್ ದೂರದಲ್ಲಿ ಅಡ್ಡಡ್ಡಲಾಗಿ ಹೋಗುತ್ತಿದೆ. 300 ಎಂಎಂ ಲೆನ್ಸ್ ಅದನ್ನು ಕ್ಯಾಮೆರಾದೊಳಗೆ 6.6 ಮಿಲಿಮೀಟರ್ ಉದ್ದದ ಬಿಂಬ ಮಾಡಿ ಇಳಿಸುತ್ತದೆ. 300ನ್ನು 13.2ರಿಂದ ಗುಣಿಸಿ 600ರಿಂದ ಭಾಗಿಸಿ, ಅಷ್ಟೇ. ಹೈಸ್ಕೂಲಿನ ಗಣಿತ.

ಈ ಲೆಕ್ಕದಲ್ಲಿ ಹಿಂದೆ ಇರುವುದು ಫಿಲ್ಮೋ ಸೆನ್ಸರೋ ಅನ್ನುವ ಮಾತು ಎಲ್ಲಾದರೂ ಬಂತಾ? ಬರಲಿಲ್ಲ. ಬರುವುದೂ ಇಲ್ಲ. ಹಿಂದೆ ಏನಿದೆ ಅನ್ನುವುದು ಲೆನ್ಸಿಗೆ ಗೊತ್ತೇ ಇಲ್ಲ. 36 ಮಿಲಿಮೀಟರ್ ಅಗಲದ ಫಿಲ್ಮ್ ಇದ್ದರೂ 6.6. ಕ್ಯಾನನ್‌ನ ಶುರುವಿನ ಚಿಕ್ಕ ಸೆನ್ಸರ್, ಅಂದರೆ 22.7 ಮಿಲಿಮೀಟರಿನದು ಇದ್ದರೂ ಅದೇ 6.6. ಬದಲಾಗಿದ್ದು ವಿಮಾನದ ಸುತ್ತ ಉಳಿದ ಆಕಾಶ. ಅದನ್ನು ಕತ್ತರಿಸಿ ಹಾಕಿದ್ದಾರೆ. ಮಸಾಲೆ ದೋಸೆಯ ಅಂಚನ್ನು ಸುತ್ತಲೂ ಕಿತ್ತು ತೆಗೆದರೆ ನಡುವಿನ ಪಲ್ಯ ಜಾಸ್ತಿ ಆಗುತ್ತಾ? ತಟ್ಟೆ ಚಿಕ್ಕದಾದರೆ ತುಂಬಿದ ಹಾಗೆ ಕಾಣುತ್ತದೆ, ಅಷ್ಟೇ.

"ಆದರೆ ಸಾರ್, ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣುತ್ತಲ್ಲ?" ಕಾಣುತ್ತದೆ. ಯಾಕೆ ಅಂತ ನೋಡಿ. ನಿಕಾನ್ ಡಿ1 ಬಂದಿದ್ದು 1999ರಲ್ಲಿ. ಚಿಕ್ಕ ಸೆನ್ಸರ್, ನಿಮ್ಮ ಭಾವಮೈದನ ಪ್ರಕಾರ ಒಂದೂವರೆ ಪಟ್ಟು ಜೂಮ್ ಫ್ರೀ. ಅದರಲ್ಲಿ ಅಗಲಕ್ಕೆ 2000 ಪಿಕ್ಸೆಲ್. ನಮ್ಮ 6.6 ಮಿಲಿಮೀಟರ್ ತೇಜಸ್‌ಗೆ ಅದರಲ್ಲಿ ಸಿಗುವುದು ಸುಮಾರು 560 ಪಿಕ್ಸೆಲ್. 2002ರಲ್ಲಿ ಕ್ಯಾನನ್ 1ಡಿಎಸ್ ಬಂತು. ಸೆನ್ಸರ್ ಫಿಲ್ಮಿನಷ್ಟೇ ದೊಡ್ಡದು, ಫ್ರೀ ಜೂಮ್ ಸೊನ್ನೆ. ಅದರಲ್ಲಿ ಅದೇ ತೇಜಸ್‌ಗೆ ಸುಮಾರು 750! ಜೂಮ್ ಕೊಡುತ್ತದೆ ಅಂದ ಕ್ಯಾಮೆರಾಗಿಂತ ಕೊಡದ ಕ್ಯಾಮೆರಾದಲ್ಲೇ ವಿಮಾನ ದೊಡ್ಡದು. ಈಗ ಏನಂತೀರಿ?

2003ರ ಕ್ಯಾನನ್ 300ಡಿಯಲ್ಲಿ ಅದು ಸುಮಾರು 890 ಆಗುತ್ತದೆ. ಅದು ಕೂಡ 1.6ರ ಮಹಿಮೆ ಅಲ್ಲ. ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ತುರುಕಿದ್ದಾರೆ ಅನ್ನುವುದೇ ಇಲ್ಲಿ ಮುಖ್ಯ. ಡಿ1ರಲ್ಲಿ 84, 1ಡಿಎಸ್‌ನಲ್ಲಿ 113, 300ಡಿಯಲ್ಲಿ 135. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ.

ಈ ಕತ್ತರಿಯ ನೋವು ಗೊತ್ತಾಗುವುದು ವಾಯುಪಡೆಯ ಸೂರ್ಯಕಿರಣ್ ತಂಡ ಬಂದಾಗ. ಒಂಬತ್ತು ವಿಮಾನ ಒಟ್ಟಿಗೆ 60 ಮೀಟರ್ ಅಗಲಕ್ಕೆ ಹರಡಿಕೊಂಡು 500 ಮೀಟರ್ ದೂರದಲ್ಲಿವೆ ಅಂದುಕೊಳ್ಳಿ. ಬಿಂಬ ಸರಿಯಾಗಿ 36 ಮಿಲಿಮೀಟರ್. ಫಿಲ್ಮಿನಲ್ಲಿ ಅಂಚಿನಿಂದ ಅಂಚಿಗೆ ತುಂಬಿಕೊಳ್ಳುತ್ತದೆ. ಚಿಕ್ಕ ಸೆನ್ಸರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಗೆ. ಎರಡೂ ಪಕ್ಕದ ವಿಮಾನಗಳು ಹೋದವು. ಬೀದರ್‌ನಿಂದ ಬರುತ್ತಿದ್ದ ಆ ಕೆಂಪು ಬಿಳಿ ಕಿರಣ್ ವಿಮಾನಗಳನ್ನು ಫಿಲ್ಮಿನಲ್ಲಿ ತೆಗೆದು ಅಭ್ಯಾಸವಾಗಿದ್ದ ನಾನು, ಮೊದಲ ಸಲ ಡಿಜಿಟಲ್ ಹಿಡಿದು ನಿಂತಾಗ ಒಂಬತ್ತೂ ವಿಮಾನ ಸೇರಿದ ಇಡೀ ಡೈಮಂಡ್ ಆಕಾರ ಒಂದೇ ಒಂದು ಫ್ರೇಮಿನಲ್ಲೂ ಪೂರ್ತಿ ಸಿಗಲಿಲ್ಲ. ಅವರಿಗೆ 300 ಬೇಡವೇ ಬೇಡ. 100 ಎಂಎಂ ಹಾಕಿ.

480 ಅನ್ನುವ ಸಂಖ್ಯೆ ನಿಜವಾಗಿ ಕೆಲಸಕ್ಕೆ ಬರುವುದು ಎರಡು ಕಡೆ. ಒಂದು, ವ್ಯೂಫೈಂಡರಿನಲ್ಲಿ ಆಕಾಶದ ತುಂಡು ಎಷ್ಟು ಕಾಣುತ್ತದೆ ಅಂತ ಅಂದಾಜು ಮಾಡಲು. ತುಂಡು ಚಿಕ್ಕದಾದಷ್ಟೂ ಓಡುವ ವಿಮಾನವನ್ನು ಹುಡುಕುವುದು ಕಷ್ಟ. ಎರಡು, ಕೈ ನಡುಕಕ್ಕೆ. ಕತ್ತರಿಸಿದ್ದನ್ನು ಹಿಗ್ಗಿಸಿ ನೋಡುವಾಗ ನಡುಕವೂ ಹಿಗ್ಗುತ್ತದೆ. ಹಾಗಾಗಿ ಶಟರ್ ಸ್ಪೀಡ್ 1/300 ಸೆಕೆಂಡಿನ ಬದಲು 1/500 ಇಟ್ಟುಕೊಳ್ಳಿ. ಗಮನಿಸಿ, ಎರಡೂ ಕಷ್ಟಗಳೇ. ಯಾವುದೂ ಫ್ರೀ ಉಡುಗೊರೆ ಅಲ್ಲ.

ಹಾಗಾದರೆ ಡಿಜಿಟಲ್‌ನಿಂದ ಏನೂ ಲಾಭ ಆಗಲಿಲ್ಲವಾ? ಆಯಿತು, ಬೇಕಾದಷ್ಟು ಆಯಿತು. ಅದು ಎಕ್ಸ್‌ಪೋಷರಿನಲ್ಲಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಬೆಳ್ಳನೆಯ ಆಕಾಶ ನೋಡಿ ಹೆದರಿ ಬೆಳಕು ಇಳಿಸಿಬಿಡುತ್ತದೆ. ವಿಮಾನ ಕಾಗೆಯಾಗುತ್ತದೆ. ಸ್ಲೈಡ್ ಫಿಲ್ಮಿನಲ್ಲಿ ಇದು ಗೊತ್ತಾಗುತ್ತಿದ್ದದ್ದು ಲ್ಯಾಬಿನಿಂದ ರೋಲು ಬಂದ ಮೇಲೆ. 36 ಕಾಗೆಗಳನ್ನು ಲೈಟ್ ಬಾಕ್ಸಿನ ಮೇಲೆ ಸಾಲಾಗಿ ಹರಡಿಕೊಂಡು ನೋಡಿದ್ದೇನೆ ನಾನು. ಡಿಜಿಟಲ್‌ನಲ್ಲಿ ಮೊದಲ ಕಾಗೆಗೇ ಗೊತ್ತಾಗುತ್ತದೆ. ಇದಕ್ಕೆ ಮದ್ದು ಮಾತ್ರ ಫಿಲ್ಮ್ ಕಾಲದ್ದೇ. ಬಿಸಿಲಲ್ಲಿರುವ ಹಸಿರು ಹುಲ್ಲಿಗೆ ಮೀಟರ್ ತೋರಿಸಿ, ಮ್ಯಾನುಯಲ್‌ನಲ್ಲಿ ಹಾಗೇ ಬಿಟ್ಟುಬಿಡಿ. ಫೆಬ್ರವರಿಯ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಅಳತೆ) 100ರಲ್ಲಿ 1/1000, ಎಫ್ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು) 5.6ರ ಆಸುಪಾಸು ಬರುತ್ತದೆ.

ಹಳೇ ಡಿಜಿಟಲ್ ತಗೊಂಡಿದ್ದೀರಿ, ಅದಕ್ಕೆ ಇನ್ನೊಂದು ಮಾತು. ಗುಂಡಿ ಒತ್ತಿ ಹಿಡಿಯಬೇಡಿ. ನನ್ನ ಮೊದಲನೆಯದು ನಾಲ್ಕು ಕ್ಲಿಕ್ ಆದ ಮೇಲೆ ಕಾರ್ಡಿಗೆ ಬರೆಯುತ್ತಾ ಕೂತುಬಿಡುತ್ತಿತ್ತು. ಎದುರುಬದುರಾಗಿ ಎರಡು ವಿಮಾನ ಬರುತ್ತಿವೆ, ನಾನು ಉತ್ಸಾಹದಲ್ಲಿ ಮೊದಲೇ ನಾಲ್ಕು ಹೊಡೆದೆ. ಅವು ಒಂದನ್ನೊಂದು ದಾಟಿದ ಕ್ಷಣಕ್ಕೆ ಕ್ಯಾಮೆರಾ ಕೆಂಪು ದೀಪ ಮಿಟುಕಿಸುತ್ತಿತ್ತು. ಸುತ್ತಲಿನವರೆಲ್ಲ "ಓ" ಅಂದರು. ನಾನು ದೀಪ ನೋಡುತ್ತಾ ನಿಂತಿದ್ದೆ.

ಇನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಕೇಳಬೇಕಿತ್ತು. "ಹೆಲಿಕಾಪ್ಟರಿಗೆ ಎಷ್ಟು ಸ್ಪೀಡ್?" ಎಲ್ಲರೂ ಜೆಟ್‌ಗೆ ಇಟ್ಟ 1/1000ರಲ್ಲೇ ಸಾರಂಗ್ ತಂಡವನ್ನೂ ಹೊಡೆಯುತ್ತಾರೆ. ಫೋಟೊ ಸೂಜಿಯಂತೆ ಶಾರ್ಪ್. ಹೆಲಿಕಾಪ್ಟರಿನ ಮೈಮೇಲೆ ಬಿಡಿಸಿದ ನವಿಲಿನ ಚಿತ್ರವೂ ಚೆಂದ. ಆದರೆ ರೆಕ್ಕೆ ನಿಂತುಬಿಟ್ಟಿರುತ್ತದೆ. ಸಾರಂಗ್‌ನವರು ಹಾರಿಸುವ ಧ್ರುವ್ ಹೆಲಿಕಾಪ್ಟರಿನ ರೋಟರ್, ಅಂದರೆ ಆ ರೆಕ್ಕೆ, ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತದೆ. 1/1000ದಲ್ಲಿ ಅದು ಸರಿಯುವುದು ಎರಡು ಡಿಗ್ರಿಯೂ ಇಲ್ಲ. 1/125 ಇಟ್ಟರೆ 14–15 ಡಿಗ್ರಿ. ಆಗ ತಿರುಗುತ್ತಿದೆ ಅನ್ನಿಸುತ್ತದೆ. ನನ್ನ ಹಳೆಯ ಪ್ರಿಂಟ್ ಒಂದನ್ನು ನೋಡಿ ಅಮ್ಮ ಕೇಳಿದ್ದರು, "ಇದು ಕೆಟ್ಟು ನಿಂತು ಬೀಳ್ತಾ ಇರೋದಾ?" ಅಂತ. ತಪ್ಪೇನಿಲ್ಲ, ಹಾಗೇ ಕಾಣುತ್ತಿತ್ತು.

ಆದರೆ 1/125ಕ್ಕೆ ಇಳಿದಿರಿ ಅಂದರೆ ಅದೇ ಬಿಸಿಲಲ್ಲಿ ಲೆನ್ಸನ್ನು ಎಫ್ 16ಕ್ಕೆ ಮುಚ್ಚಬೇಕಾಗುತ್ತದೆ. ಅಲ್ಲಿ ಸೆನ್ಸರಿನ ಮೇಲೆ ಕೂತ ಧೂಳೆಲ್ಲ ನೀಲಿ ಆಕಾಶದಲ್ಲಿ ಬೂದು ಚುಕ್ಕೆಗಳಾಗಿ ಮೇಲೇಳುತ್ತದೆ. ಫಿಲ್ಮಿನಲ್ಲಿ ಪ್ರತಿ ಫ್ರೇಮಿಗೂ ಹೊಸ ತುಂಡು, ಈ ಕಾಟ ಇರಲಿಲ್ಲ. ಡಿಜಿಟಲ್‌ನಲ್ಲಿ ಬೆಳಿಗ್ಗೆ ಕೂತ ಧೂಳು ಸಂಜೆಯವರೆಗೂ ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿರುತ್ತದೆ. ಹಳೇ ಕ್ಯಾಮೆರಾಗಳಿಗೆ ಅದನ್ನು ತಾನೇ ಒದರಿಕೊಳ್ಳಲು ಬರುವುದಿಲ್ಲ. ಹಾಗಾಗಿ ಮೈದಾನದಲ್ಲಿ ನಿಂತು ಲೆನ್ಸ್ ಬದಲಿಸಬೇಡಿ. 300 ಹಾಕಿದ್ದೀರಾ, ಮನೆಗೆ ಬರುವ ತನಕ ಅದೇ ಇರಲಿ. ಸೂರ್ಯಕಿರಣ್‌ಗೆ 100 ಹಾಕಿ ಅಂದೆನಲ್ಲ, ಅದಕ್ಕೆ ಇನ್ನೊಂದು ಕ್ಯಾಮೆರಾ ಬೇಕು. ಸಾಲ ತಗೊಂಡು ಹೋಗಿ. ಭಾವಮೈದನ ಹತ್ತಿರ ಇದ್ದೇ ಇರುತ್ತದೆ.

1/125ರಲ್ಲಿ ಹತ್ತಕ್ಕೆ ಒಂದು ಶಾರ್ಪ್ ಬಂದರೆ ಖುಷಿಪಡಿ. ಸಾರಂಗ್ ಇಳಿದ ಮೇಲೆ ಡಯಲ್ ವಾಪಸ್ 1/1000ಕ್ಕೆ ತಿರುಗಿಸಲು ಮಾತ್ರ ಮರೀಬೇಡಿ. ನಾನು ಮರೆತಿದ್ದೇನೆ, ಎರಡು ಸಲ. ಎರಡು ಸಲವೂ ಮುಂದೆ ಹಾರಿದ್ದು ಸುಖೋಯ್.