ಪದ ಪರಿಚಯ: ಧರ್ಮಕೇಂದ್ರ

ಮಂಗಳೂರಿನ ಬೆಂದೂರಿನಲ್ಲೋ ಬಿಜೈಯಲ್ಲೋ ಬಸ್ಸಿನಿಂದ ಇಳಿದವರ ಕಣ್ಣಿಗೆ ಬೀಳುವುದು ಇಗರ್ಜಿ, ಅಂದರೆ ಚರ್ಚಿನ ಕಟ್ಟಡ; ಧರ್ಮಕೇಂದ್ರವಲ್ಲ. ಇಂಗ್ಲಿಷಿನ ‘ಪ್ಯಾರಿಷ್’ ಎಂಬುದಕ್ಕೆ ಕನ್ನಡ ಕ್ಯಾಥೊಲಿಕರು ಬಳಸುವ ಈ ಪದದಲ್ಲಿ ‘ಕೇಂದ್ರ’ ಇದ್ದರೂ ಅದು ಸೂಚಿಸುವುದು ಒಂದು ಬಿಂದುವನ್ನಲ್ಲ, ಒಂದು ಹರವನ್ನು. ಅನುವಾದ ಸ್ವಲ್ಪ ದಾರಿ ತಪ್ಪಿಸುವಂಥದ್ದೇ ಸರಿ. ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, 1983ರ ಕಾನೂನು ಸಂಹಿತೆಯ ಪ್ರಕಾರ ಧರ್ಮಕೇಂದ್ರವೆಂದರೆ ಧರ್ಮಪ್ರಾಂತದೊಳಗೆ (ಒಬ್ಬ ಬಿಷಪರ ಆಡಳಿತದ ಪ್ರದೇಶದೊಳಗೆ) ಸ್ಥಿರವಾಗಿ ನೆಲೆಗೊಂಡ, ಬಿಷಪರ ಅಧಿಕಾರದಡಿ ಒಬ್ಬ ಗುರುವಿನ (ಪಾದ್ರಿಯ) ಪಾಲನೆಗೆ ಒಪ್ಪಿಸಲಾದ ಭಕ್ತರ ಸಮುದಾಯ. ಸಾಮಾನ್ಯವಾಗಿ ಅದಕ್ಕೊಂದು ಭೌಗೋಳಿಕ ಎಲ್ಲೆಯಿದ್ದು, ಆ ಎಲ್ಲೆಯೊಳಗೆ ವಾಸಿಸುವ ಕ್ಯಾಥೊಲಿಕರೆಲ್ಲ ಅದಕ್ಕೆ ಸೇರುತ್ತಾರೆ.

ಗ್ರೀಕಿನ ‘ಪರೊಯ್ಕಿಯ’ ಪ್ಯಾರಿಷ್ ಪದದ ಮೂಲ. ಮನೆಯ ಮಗ್ಗುಲಲ್ಲಿ ವಾಸಿಸುವುದು, ಪರಸ್ಥಳದಲ್ಲಿ ತಂಗಿರುವುದು ಎಂಬುದು ಅದರ ಹಳೆಯ ಅರ್ಥ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಮಾತ್ರ ಇದು ‘ಫಿರ್ಗಜ್’. ಪೋರ್ಚುಗೀಸರ ‘ಫ್ರೆಗೆಝಿಯ’ದಿಂದ ಬಂದ ಈ ಪದದ ಬೇರು ‘ಧರ್ಮಸಭೆಯ ಮಗ’ ಎಂಬ ಲ್ಯಾಟಿನ್ ನುಡಿಯಲ್ಲಿದೆ. ಅದೇ ಬೇರಿನ ‘ಫ್ರೆಗೇಶ್’ ಇಂದಿನ ಪೋರ್ಚುಗೀಸಿನಲ್ಲಿ ಅಂಗಡಿಯ ಗಿರಾಕಿಗೂ ಸಲ್ಲುತ್ತದೆ ಎನ್ನುವುದು ಬೇರೆ ಮಾತು.

ನಗರ ಬೆಳೆದು ತೋಟ, ಗದ್ದೆಗಳಿದ್ದಲ್ಲಿ ಬಡಾವಣೆಗಳು ಎದ್ದಾಗ ಹಳೆಯ ಧರ್ಮಕೇಂದ್ರವನ್ನು ಒಡೆದು ಹೊಸದನ್ನು ರಚಿಸುವುದುಂಟು. ಆ ಅಧಿಕಾರ ಬಿಷಪರಿಗೆ ಮಾತ್ರ ಸೇರಿದ್ದು, ಅದಕ್ಕೂ ಮೊದಲು ಅವರು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಬೇಕು. ಮಂಗಳೂರಿನಲ್ಲಿ ಫಿರ್ಗಜ್ ಮತ್ತೆ ವಾಡೊಗಳಾಗಿ (ವಾರ್ಡುಗಳಾಗಿ) ಹಂಚಿಹೋಗಿದ್ದು, ಪ್ರತಿ ವಾಡೊಗೂ ಗುರ್ಕಾರ್ ಎಂಬ ಒಬ್ಬ ಮುಖಂಡರು ಇರುತ್ತಾರೆ. ಬೇರೆಡೆ ನೆಲಸಿದವರಿಗೂ ಹುಟ್ಟೂರಿನ ಧರ್ಮಕೇಂದ್ರದ ನಂಟು ಕಾಗದದಲ್ಲಿ ಉಳಿದೇ ಇರುತ್ತದೆ: ಬೆಂಗಳೂರಿನಲ್ಲೋ ದುಬೈಯಲ್ಲೋ ಮದುವೆಯಾಗುವವರು ಜ್ಞಾನಸ್ನಾನ ಪಡೆದ ಇಗರ್ಜಿಯಿಂದ ಪತ್ರ ತರಿಸಬೇಕು, ಮದುವೆಯಾದ ಬಳಿಕ ಆ ಸಂಗತಿ ಅಲ್ಲಿಗೆ ತಿಳಿದು, ಹಳೆಯ ಜ್ಞಾನಸ್ನಾನದ ದಾಖಲೆಯಲ್ಲಿ ಹೆಸರಿನ ಮುಂದೆಯೇ ನಮೂದಾಗಬೇಕು.

ಶಾಲೆಯ ವಿಷಯದಲ್ಲಿ ಗೊಂದಲ ಹೆಚ್ಚು. ಅಮೆರಿಕದಲ್ಲಿ 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಕ್ಯಾಥೊಲಿಕ್ ಬಿಷಪರ ಮಹಾಸಭೆ, ಪ್ರತಿ ಇಗರ್ಜಿಯ ಬಳಿ ಎರಡು ವರ್ಷಗಳೊಳಗೆ ಶಾಲೆ ಕಟ್ಟಬೇಕೆಂದು ವಿಧಿಸಿತು; ಅಲ್ಲಿ ‘ಪರೋಕಿಯಲ್ ಶಾಲೆ’ ಎಂದರೆ ಅಕ್ಷರಶಃ ಧರ್ಮಕೇಂದ್ರದ ಶಾಲೆ. ನಮ್ಮಲ್ಲಿ ಕನ್ಯಾಸ್ತ್ರೀಯರ ನೆರಳೂ ಸುಳಿಯದ ಇಂಗ್ಲಿಷ್ ಮಾಧ್ಯಮದ ಶಾಲೆಯೂ ಜನರ ಬಾಯಲ್ಲಿ ‘ಕಾನ್ವೆಂಟ್’. ನಿಜದಲ್ಲಿ ಕ್ಯಾಥೊಲಿಕ್ ಶಾಲೆಗಳಲ್ಲೇ ಬಗೆಗಳಿವೆ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಸಂಸ್ಥೆ ಯೇಸುಸಭೆಯದು (ಜೆಸ್ವಿಟ್ ಪಾದ್ರಿಗಳದು), ಬೆಂದೂರಿನ ಸಂತ ಆಗ್ನೆಸ್ ಸಂಸ್ಥೆ ಅಪೊಸ್ತಲಿಕ್ ಕಾರ್ಮೆಲ್ ಎಂಬ ಸಭೆಯ ಭಗಿನಿಯರದು. ಇವು ಯಾವ ಧರ್ಮಕೇಂದ್ರದ ಎಲ್ಲೆಯೊಳಗಿದ್ದರೂ ಅದರ ಆಡಳಿತಕ್ಕೆ ಸೇರಿದವಲ್ಲ. ಧರ್ಮಕೇಂದ್ರದ ಶಾಲೆ ಹಾಗಲ್ಲ. ಅದು ಹೆಚ್ಚಾಗಿ ಇಗರ್ಜಿಯ ಆವರಣದಲ್ಲೇ ಇದ್ದು, ಎಲ್ಲ ಮತಗಳ ಮಕ್ಕಳೂ ಅಲ್ಲಿ ಕಲಿಯುತ್ತಾರೆ. ಅನುದಾನಿತವಾಗಿದ್ದರೆ, ಅನುಮೋದಿತ ಹುದ್ದೆಗಳಲ್ಲಿರುವ ಶಿಕ್ಷಕರ ಸಂಬಳ ಸರಕಾರದಿಂದ ಬರುತ್ತದೆ. ಧರ್ಮಕೇಂದ್ರದ ಗುರುಗಳೇ ಸಾಮಾನ್ಯವಾಗಿ ಅದರ ಸಂಚಾಲಕರು. ಹಾಗಾಗಿ ಅವರಿಗೆ ವರ್ಗವಾದಾಗ ಇಗರ್ಜಿಯ ಜತೆಗೆ ಶಾಲೆಯ ಕಡತಗಳೂ ಹೊಸಬರ ಕೈಸೇರುತ್ತವೆ. ಮುಖ್ಯೋಪಾಧ್ಯಾಯರು ಮಾತ್ರ ಇದ್ದಲ್ಲೇ ಇರುತ್ತಾರೆ.